ಇಬ್ರಾದ ಕೀಲಿಪೆಟ್ಟಿಗೆ

ಕಳೆದ ಮಾಘಮಾಸದಲ್ಲಿ, ಮನೆಯ ಪೂಜೆಗೆ ಬೇಕಾಗಿದ್ದ ಬೆಳ್ಳಿಯ ದೀಪಗಳನ್ನು ತರಲೆಂದು ಮೈಸೂರಿನ ನಮ್ಮ ಬ್ಯಾಂಕಿನ ಲಾಕರ್ ಕೋಣೆಗೆ ಇಳಿದಿದ್ದೆ. ಬಹುದಿನ ನಿಂತಿದ್ದ ಎ.ಸಿ.ಯನ್ನು ಆಗತಾನೆ ಹಾಕಿದ್ದರು. ಒದ್ದೆ ಧೂಳೂ ತಣ್ಣಗಾದ ಕಬ್ಬಿಣವೂ ಕೂಡಿದ ವಾಸನೆಯೊಂದು ಮುಖಕ್ಕೆ ಬಂದು ತಗುಲಿತು. ಬ್ಯಾಂಕಿನ ಅಧಿಕಾರಿ ತಮ್ಮ ಪಾಲಿನ ಕೀಲಿಯನ್ನು ತೂರಿಸಿ ತಿರುಗಿಸಿದರು. ಅದು ಕದಲಲಿಲ್ಲ. ಮತ್ತೊಮ್ಮೆ ತಿರುಗಿಸಿದರು. ಮೂರನೆಯ ಸಲಕ್ಕೆ ಅವರು ಕೈ ಬಿಗಿಮಾಡುವಷ್ಟರಲ್ಲಿ ನಾನು ಅವರ ಮಣಿಕಟ್ಟನ್ನು ಹಿಡಿದುಬಿಟ್ಟಿದ್ದೆ.

“ಯಾಕೆ ಸಾರ್?” ಎಂದು ಅವರು ನನ್ನನ್ನು ನೋಡಿದರು. “ಇದು ಸ್ವಲ್ಪ ಹಠಮಾರಿ ಬೀಗ. ಎರಡು ಮೂರು ಸಲ ಆಡ್ಸಿದ್ರೆ ತಾನಾಗೇ ಬರುತ್ತೆ.”

ಅವರು ಹೇಳಿದಂತೆಯೇ ಬೀಗ ಬಂದಿತು. ನಾನು ದೀಪಗಳನ್ನು ತೆಗೆದುಕೊಂಡು ಮೇಲೆ ಬಂದೆನಾದರೂ ಬೀದಿಗಿಳಿಯಲಾರದೆ, ಬಾಗಿಲ ಬಳಿಯ ಬೆಂಚಿನಲ್ಲಿ ಬಹಳ ಹೊತ್ತು ಕುಳಿತಿದ್ದೆ. ಆ ವಾಸನೆ ಇಬ್ರಾದ್ದು. ಒಮಾನಿನ ಆ ಊರಿನ ಸಣ್ಣ ರಕ್ತಪರೀಕ್ಷಾಲಯವೊಂದರ ಹಿಂಬದಿಯ ಕೋಣೆಯದ್ದು. ಅಲ್ಲಿಯೂ ಒಂದು ಪೆಟ್ಟಿಗೆಯನ್ನು ತೆರೆಯಲು ಮೂರು ಸಲ ಪ್ರಯತ್ನ ನಡೆದಿತ್ತು.

ನಾನು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಾವ್ಯ, ತರ್ಕಗಳನ್ನು ಓದಿ, ಆಮೇಲೆ ತಂದೆಯವರ ಇಚ್ಛೆಯಂತೆ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ದೂರವಾಣಿ ಕಾರ್ಖಾನೆಯೊಂದರಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವನು. ನಿವೃತ್ತಿಯ ಬಳಿಕ ಪರಿಚಿತರೊಬ್ಬರ ಮೂಲಕ ಮಸ್ಕತ್ತಿನ ರೂವಿಯಲ್ಲಿದ್ದ ಒಂದು ಸಣ್ಣ ಸಂಸ್ಥೆಯಿಂದ ಕರೆ ಬಂದಿತು. ಅಲ್ಲಿ ತಯಾರಾಗುತ್ತಿದ್ದ ತಂತ್ರಾಂಶವೊಂದಕ್ಕೆ ವಿವರಣೆಯ ಪುಸ್ತಕವನ್ನು ಬರೆದುಕೊಡಬೇಕು, ಒಂದು ವರ್ಷದ ಕೆಲಸ. ಪತ್ನಿ ಮೈಸೂರಿನಲ್ಲೇ ಉಳಿದಳು. ನಾನು ದೇವರ ಸಂಪುಟವನ್ನೂ ಪಂಚಪಾತ್ರೆಯನ್ನೂ ಬಟ್ಟೆಗಳ ನಡುವೆ ಸುತ್ತಿಟ್ಟುಕೊಂಡು ಹೊರಟೆ.

ಕಚೇರಿ ಹಣ ಕಳುಹಿಸುವ ಎಕ್ಸ್‌ಚೇಂಜ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಕಿಟಕಿಯಿಂದ ನೋಡಿದರೆ ಒಂದು ಕಡೆ ಬಸ್ ನಿಲ್ದಾಣ, ಇನ್ನೊಂದು ಕಡೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡಗಳು. ಕೆಲಸದ ಹೊಣೆ ಹೊತ್ತಿದ್ದವರು ಕಾರ್ಕಳದ ಜಯರಾಮ ಶೆಟ್ಟರು. ನಲವತ್ತೈದರ ಆಸುಪಾಸಿನವರು, ತುಳು ಮನೆಮಾತಿನವರು, ಮಾತಿಗೊಮ್ಮೆ ನಗುವವರು. ನಾನು ಬೆಳಗ್ಗೆ ಸಂಧ್ಯಾವಂದನೆ ಮುಗಿಸದೆ ಕಚೇರಿಗೆ ಬರುವುದಿಲ್ಲವೆಂದು ತಿಳಿದ ದಿನದಿಂದ ಅವರು ನನ್ನನ್ನು “ಭಟ್ರೇ” ಎಂದು ಕರೆಯತೊಡಗಿದರು. ನನ್ನ ಹೆಸರಿನಲ್ಲಿ ಭಟ್ಟ ಎಂಬುದಿಲ್ಲ. ಎರಡು ಸಲ ತಿದ್ದಿ ಸುಮ್ಮನಾದೆ. ಅವರ ಪತ್ನಿ ಸುಜಾತಾ ಶುಕ್ರವಾರಗಳಂದು ನೀರುದೋಸೆಯನ್ನು, ಈರುಳ್ಳಿ ಸೋಕದ ಚಟ್ನಿಯೊಡನೆ, ನನ್ನ ಕೋಣೆಗೆ ಕಳುಹಿಸುತ್ತಿದ್ದರು.

ಕೆಲಸದ ಸ್ವರೂಪವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಬಹು ಜತನದಿಂದ ಕಾಯಬೇಕಾದ ದಾಖಲೆಗಳನ್ನು ಗಣಕಯಂತ್ರಗಳು ಗೂಢಲಿಪಿಯಲ್ಲಿ ಬರೆದಿಡುತ್ತವೆ. ಆ ಲಿಪಿಯನ್ನು ಬಿಡಿಸುವ ಕೀಲಿ ಗಣಕದಲ್ಲಿ ಇರುವುದಿಲ್ಲ. ಅದಕ್ಕೆಂದೇ ಮಾಡಿದ ಒಂದು ಉಕ್ಕಿನ ಪೆಟ್ಟಿಗೆಯೊಳಗೆ ಇರುತ್ತದೆ, ಅಲ್ಲಿಂದ ಎಂದೂ ಹೊರಗೆ ಬರುವುದಿಲ್ಲ. ಸರಿಯಾದ ಗುಪ್ತಸಂಖ್ಯೆಯನ್ನು ಹೇಳಿದವರಿಗೆ ಪೆಟ್ಟಿಗೆ ಒಳಗಿಂದಲೇ ಲಿಪಿಯನ್ನು ಬಿಡಿಸಿಕೊಡುತ್ತದೆ. ತಪ್ಪು ಸಂಖ್ಯೆಯನ್ನು ಮತ್ತೆ ಮತ್ತೆ ಹೇಳಿದರೆ ಕಳ್ಳ ಬಂದನೆಂದು ತಿಳಿದು, ಕೀಲಿಯನ್ನು ತಾನೇ ಅಳಿಸಿಹಾಕುತ್ತದೆ. ಪರರ ಕೈಗೆ ಸಿಗುವುದಕ್ಕಿಂತ ನಾಶವೇ ಲೇಸೆಂಬುದು ಅದರ ಧರ್ಮ. ಈಗಿನ ಕಾಲದಲ್ಲಿ ಒಂದು ದೊಡ್ಡ ಯಂತ್ರದೊಳಗೆ ಹಲವು ಕಲ್ಪಿತ ಯಂತ್ರಗಳನ್ನು ನಡೆಸುತ್ತಾರೆ. ವರ್ಚುವಲ್ ಮಷೀನ್ ಎನ್ನುವುದು ಇವನ್ನೇ. ಕಲ್ಪಿತ ಯಂತ್ರಕ್ಕೆ ಮೈಯಿಲ್ಲ, ಆದ್ದರಿಂದ ಅದು ಉಕ್ಕಿನ ಪೆಟ್ಟಿಗೆಯನ್ನು ನೇರವಾಗಿ ಮುಟ್ಟಲಾರದು. ನಡುವೆ ಡ್ರೈವರ್ ಎಂಬ ದುಭಾಷಿಯೊಬ್ಬ ಬೇಕು. ಪೆಟ್ಟಿಗೆ ಮಾಡುವವರು ಹಲವರು. ಒಬ್ಬೊಬ್ಬರ ಪೆಟ್ಟಿಗೆಗೂ ಒಂದೊಂದು ಭಾಷೆ, ಒಂದೊಂದು ಸ್ವಭಾವ. ಎಲ್ಲ ಪೆಟ್ಟಿಗೆಗಳಿಗೂ ಸಲ್ಲುವ ಒಬ್ಬನೇ ದುಭಾಷಿಯನ್ನು ರೂಪಿಸುವುದು ಶೆಟ್ಟರ ಕೆಲಸ.

ಇದನ್ನು ಕೇಳಿದಾಗ ನನಗೆ ಪಾಠಶಾಲೆಯ ಹಜಾರ ಕಣ್ಮುಂದೆ ಬಂದಿತು. ಅನೇಕ ಘಟಗಳಲ್ಲಿ ಒಂದಾಗಿರುವ ಘಟತ್ವವೇ ಸಾಮಾನ್ಯ, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ವಿಶೇಷ ಎಂದು ಗುರುಗಳು ಮಡಕೆಯೊಂದನ್ನು ಮುಂದಿಟ್ಟುಕೊಂಡು ಹೇಳುತ್ತಿದ್ದುದನ್ನು ಶೆಟ್ಟರಿಗೆ ವಿವರಿಸಿದೆ. ಅವರು ಭಕ್ತಿಯಿಂದಲೇ ಕೇಳಿದರು.

“ಅದೆಲ್ಲ ಸರಿ ಭಟ್ರೇ,” ಎಂದರು ಕೊನೆಗೆ, “ನಿಮ್ಮ ಮಡಕೆ ಬೂಟ್ ಆಗ್ತದಾ, ಅದನ್ನು ಹೇಳಿ.”

ನಮ್ಮೊಡನೆ ಸಾಲಿಂ ಎಂಬ ಒಮಾನಿ ಯುವಕ ಕೆಲಸ ಮಾಡುತ್ತಿದ್ದ. ಇಬ್ರಾದವನು. ಮಸ್ಕತ್ತಿನ ಮತ್ರಾ ಪೇಟೆಯ ಗುಜರಾತಿ ಅಂಗಡಿಯೊಂದರಲ್ಲಿ ಕೆಲಕಾಲ ದುಡಿದಿದ್ದನಾದ್ದರಿಂದ ಅವನ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು. ನನ್ನನ್ನು ಉಸ್ತಾದ್ ಎನ್ನುತ್ತಿದ್ದ. ಆ ರಕ್ತಪರೀಕ್ಷಾಲಯದ ಕೆಲಸವನ್ನು ನಮ್ಮ ಸಂಸ್ಥೆಗೆ ತಂದುಕೊಟ್ಟವನೂ ಅವನೇ. ಅದಕ್ಕೆ ಕಾರಣ ಅವನ ಅಕ್ಕ ಜುವೈನಾ.

ಜುವೈನಾಳಿಗೆ ಹುಟ್ಟಿನಿಂದಲೇ ಸಿಕಲ್ ಸೆಲ್ ಎನ್ನುವ ಕುಡುಗೋಲು ಕಣದ ರಕ್ತರೋಗ. ಆ ದೇಶದಲ್ಲಿ ಅದು ಅಪರೂಪವಲ್ಲ. ಅಂಥವರಿಗೆ ಆಗಾಗ ಪರರ ರಕ್ತವನ್ನು ಕೊಡಬೇಕಾಗುತ್ತದೆ. ಹಾಗೆ ಕೊಡುತ್ತ ಕೊಡುತ್ತ ದೇಹವು ಕೆಲವು ಬಗೆಯ ರಕ್ತಕ್ಕೆ ವೈರವನ್ನು ಕಲಿಯುತ್ತದೆ. ಅವಳ ಮೈಯೂ ಹಾಗೆ ಕಲಿತಿತ್ತು. ಆ ವೈರವು ಕೆಲವು ವರ್ಷಗಳಲ್ಲಿ ತಣ್ಣಗಾಗಿ, ಪರೀಕ್ಷೆಗೆ ಕಾಣದಂತೆ ಅಡಗಿಬಿಡುತ್ತದಂತೆ. ಆದರೆ ಅಂಥ ರಕ್ತ ಮತ್ತೊಮ್ಮೆ ಒಳಗೆ ಹೋದರೆ ಮೈಗೆ ಎಲ್ಲವೂ ನೆನಪಾಗುತ್ತದೆ. ಆದ್ದರಿಂದ ಯಾವ ಬಗೆಯ ರಕ್ತ ಅವಳಿಗೆ ಸಲ್ಲದು ಎಂದು ಹಿಂದೆ ಬರೆದಿಟ್ಟ ಒಂದು ಸಾಲು ಅವಳ ಪ್ರಾಣಕ್ಕೆ ಕಾವಲಾಗಿತ್ತು. ಆ ವೈರ ಮೊದಲು ಕಂಡದ್ದು ಇಬ್ರಾದಲ್ಲಿ, ಬರೆದಿಟ್ಟದ್ದೂ ಅಲ್ಲಿ ಮಾತ್ರ. ಬಾಯಿಪಾಠವಾಗಿ ಬಲ್ಲವಳಾಗಿದ್ದ ತಾಯಿ ತೀರಿಕೊಂಡಿದ್ದಳು. ಹಳೆಯ ಕಾಗದಗಳು ಒಂದು ಮಳೆಯಲ್ಲಿ, ವಾದಿ ಎಂದು ಅಲ್ಲಿ ಕರೆಯುವ ಒಣಹೊಳೆ ಉಕ್ಕಿ ಹರಿದಾಗ ನೀರುಪಾಲಾಗಿದ್ದವು. ಅದೃಷ್ಟವಶಾತ್ ಅಷ್ಟರಲ್ಲಿ ಅವುಗಳಲ್ಲಿದ್ದದ್ದನ್ನು ಗಣಕಕ್ಕೆ ಏರಿಸಲಾಗಿತ್ತು. ಇನ್ನು ಮೇಲೆ ನೀರಿಗೂ ಕಳ್ಳರಿಗೂ ಸಿಗದಂತೆ ಆ ದಾಖಲೆಗಳನ್ನು ಕಾಯಬೇಕೆಂಬುದು ಸಾಲಿಂನ ಹಂಬಲ.

ಚಳಿಗಾಲದ ಒಂದು ಬುಧವಾರ ಅವನು ನಮ್ಮಿಬ್ಬರನ್ನೂ ಇಬ್ರಾಕ್ಕೆ ಕರೆದೊಯ್ದ. ಬುಧವಾರ ಅಲ್ಲಿ ಹೆಂಗಸರ ಸಂತೆ. ಜುವೈನಾ ಗಂಡಸರು ತೊಡುವ ಕಸೂತಿಯ ಕುಮ್ಮಾ ಟೋಪಿಗಳನ್ನು ಹೊಲಿದು ಮಾರುತ್ತಿದ್ದಳು. ಸಂತೆಯ ಬಾಗಿಲಲ್ಲೇ ನಿಂತು ಮಾತನಾಡಿಸಿದೆವು. ಬಿಳಿಚಿದ ಮುಖ, ಹಳದಿಗೆ ತಿರುಗಿದ ಕಣ್ಣು, ಆದರೆ ನಾಲಿಗೆ ಬಲು ಚುರುಕು. ಸಂತೆಯಲ್ಲಿ ಕಲಿತ ಹಿಂದಿಯಲ್ಲಿ ನನ್ನ ತಲೆಯನ್ನು ನೋಡಿ, ಇಷ್ಟು ವಿದ್ಯೆ ತುಂಬಿದ ತಲೆಗೆ ತನ್ನಲ್ಲಿ ಅಳತೆಯಿಲ್ಲ ಎಂದಳು. ಚೌಕಾಸಿಗೆ ಹೊರಟ ಶೆಟ್ಟರನ್ನಂತೂ ಅವಳು ಬಿಡಲಿಲ್ಲ.

“ಇಬ್ರಾದ ಅರ್ಧ ಊರಿನ ರಕ್ತ ನನ್ನ ಮೈಯಲ್ಲಿದೆ, ಭಾಯಿ. ಇಲ್ಲಿರುವವರೆಲ್ಲ ನನಗೆ ನೆಂಟರು. ನೀನೊಬ್ಬನೇ ಪರದೇಶಿ, ನೀನು ಪೂರ್ತಿ ಬೆಲೆ ಕೊಡಬೇಕು.”

ಮಧ್ಯಾಹ್ನ ಅವರ ಮನೆಯಲ್ಲಿ ಕುಳಿತಾಗ ಸಾಲಿಂನ ದೊಡ್ಡಪ್ಪ ಖರ್ಜೂರವನ್ನಿಟ್ಟು, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಲ್ಲಿ ಏಲಕ್ಕಿ ಬೆರೆತ ಕಹಿ ಕಾಫಿಯನ್ನು ಸುರಿದರು. ಬಟ್ಟಲು ಬರಿದಾದೊಡನೆ ಮತ್ತೆ ತುಂಬುವರು. ಬೇಡವೆನ್ನುವುದು ಅವಿನಯವೆಂದು ತಿಳಿದ ಶೆಟ್ಟರು ಒಂದಾದ ಮೇಲೊಂದು ಕುಡಿಯುತ್ತಲೇ ಹೋದರು. ಹಣೆಯಲ್ಲಿ ಬೆವರು ಮೂಡಿತು. ಒಳಬಾಗಿಲ ಬಳಿಯಿಂದ ಜುವೈನಾ ಅರಬ್ಬಿಯಲ್ಲಿ ಏನೋ ಹೇಳಿದಳು. ಮನೆಯವರೆಲ್ಲ ನಕ್ಕರು. ಸಾಲಿಂ ಅನುವಾದಿಸಿದ: ಈ ಮನುಷ್ಯನಿಗೆ ಬಟ್ಟಲು ಅಲುಗಿಸಲು ಯಾರಾದರೂ ಹೇಳಿಕೊಡಿ, ಇಲ್ಲದಿದ್ದರೆ ನಮ್ಮ ಕಾಫಿಯೆಲ್ಲ ಇಂದೇ ಮಂಗಳೂರಿಗೆ ಹೋಗುತ್ತದೆ, ಎಂದಳಂತೆ. ಆಮೇಲೆ ಅವನು ತನ್ನ ಬಟ್ಟಲನ್ನು ಬೆರಳ ತುದಿಯಲ್ಲಿ ಹಿಡಿದು ಎರಡು ಬಾರಿ ಮೆಲ್ಲಗೆ ಅಲುಗಿಸಿ, ‘ಖಲಾಸ್’, ಅಂದರೆ ಸಾಕು, ಎಂದು ತೋರಿಸಿದ. ಸಾಕೆನ್ನುವುದಕ್ಕೆ ಅಲ್ಲಿ ಅದೇ ರೂಢಿ. ಅಲುಗಿಸದವನಿಗೆ ಇನ್ನೂ ಬೇಕೆಂದೇ ಅರ್ಥ, ಸುರಿಯುವವನು ನಿಲ್ಲಿಸುವಂತಿಲ್ಲ.

“ಮೊದಲೇ ಹೇಳ್ಬಾರ್ದಾ ಮಾರಾಯಾ,” ಎಂದು ಶೆಟ್ಟರು ಕನ್ನಡದಲ್ಲೇ ಗೊಣಗಿದರು.

ಆ ಚಳಿಗಾಲದಲ್ಲಿ ಡ್ರೈವರ್ ರೂಪುಗೊಂಡಿತು. ಶೆಟ್ಟರ ದುಡಿಮೆಯನ್ನು ನಾನು ಹತ್ತಿರದಿಂದ ಕಂಡೆ, ಆ ಶ್ರದ್ಧೆಗೆ ಇಂದೂ ನಮಸ್ಕರಿಸುತ್ತೇನೆ. ಒಂದೊಂದು ತಯಾರಕರ ಪೆಟ್ಟಿಗೆಯೂ ನಿರಾಕರಿಸುವಾಗ ಒಂದೊಂದು ಬಗೆಯಲ್ಲಿ ನುಡಿಯುತ್ತಿತ್ತು. ಒಂದಕ್ಕೆ ಹತ್ತಾರು ಬಗೆಯ ‘ಇಲ್ಲ’ಗಳಿದ್ದರೆ, ಮತ್ತೊಂದಕ್ಕೆ ನಾಲ್ಕೇ. ಎಲ್ಲವನ್ನೂ ಒಂದೇ ದುಭಾಷಿ ಹೊರಬೇಕಾದರೆ, ಎಲ್ಲ ಪೆಟ್ಟಿಗೆಗಳಿಗೂ ಸಮಾನವಾದದ್ದನ್ನು ಮಾತ್ರ ಉಳಿಸಿಕೊಳ್ಳಬೇಕು. ಶೆಟ್ಟರು ಅವನ್ನೆಲ್ಲ ಜರಡಿಯಾಡಿಸಿ ಮೂರು ಉತ್ತರಗಳಿಗೆ ಇಳಿಸಿದರು: ಆಯಿತು, ಆಗಲಿಲ್ಲ, ಕಾಯಿರಿ. ಆ ಸರಳತೆಯನ್ನು ಕಂಡು ಎಲ್ಲರೂ ತಲೆದೂಗಿದೆವು. ‘ಆಗಲಿಲ್ಲ’ ಎಂದು ಬಂದರೆ ಡ್ರೈವರ್ ತಾನಾಗಿ ಮತ್ತೆ ಕೇಳುತ್ತಿತ್ತು. ಆಗಲೂ ಆಗದಿದ್ದರೆ ಮತ್ತೊಮ್ಮೆ. ಮೊದಲ ಪೆಟ್ಟಿಗೆ ಮಾತನ್ನೇ ನಿಲ್ಲಿಸಿದರೆ, ಅದೇ ಕೀಲಿಯ ಪ್ರತಿಯನ್ನು ಹೊತ್ತು ಪಕ್ಕದಲ್ಲೇ ಕಾದಿರುವ ಎರಡನೆಯ ಪೆಟ್ಟಿಗೆಯ ಬಳಿಗೆ ಹೋಗುತ್ತಿತ್ತು. ಶೆಟ್ಟರು ಹಿಂದೆ ಡಿಸ್ಕುಗಳ, ನೆಟ್‌ವರ್ಕ್‌ಗಳ ಡ್ರೈವರ್‌ಗಳನ್ನು ಬರೆದವರು. ಕೆಟ್ಟ ತಂತಿ, ಹೋಗಿಬರುವ ವಿದ್ಯುತ್ತುಗಳ ನಡುವೆ ಕೆಲಸ ಕಲಿತವರು. ಅಲ್ಲೆಲ್ಲ ಬಿಡದೆ ಕೇಳುವುದೇ ಒಳ್ಳೆಯ ಡ್ರೈವರಿನ ಲಕ್ಷಣ.

“ಒಂದು ಸಲ ಇಲ್ಲ ಅಂದ್ರೆ ಬಿಟ್ಟುಬಿಡ್ಲಿಕ್ಕೆ ಆಗ್ತದಾ ಭಟ್ರೇ?” ಎಂದಿದ್ದರು ಒಮ್ಮೆ. “ನನ್ನ ವೀಸಾ ಎರಡು ಸಲ ವಾಪಸ್ ಬಂದಿತ್ತು. ಮೂರನೇ ಸಲ ಕೇಳಿದ್ದಕ್ಕೆ ನಾನು ಇಲ್ಲಿ ಉಂಟು.”

ಪರೀಕ್ಷೆಗೆ ನಮ್ಮ ಬಳಿ ನಿಜವಾದ ಪೆಟ್ಟಿಗೆ ಇರಲಿಲ್ಲ. ಬೆಲೆಬಾಳುವ ವಸ್ತು, ಬಂದರಿನಿಂದ ಬಿಡಿಸಿಕೊಂಡು ನೇರವಾಗಿ ಇಬ್ರಾಕ್ಕೇ ಒಯ್ದದ್ದು. ನಮ್ಮ ಕಚೇರಿಯಲ್ಲಿದ್ದದ್ದು ಪೆಟ್ಟಿಗೆಯಂತೆ ಉತ್ತರಿಸುವ ಒಂದು ತಂತ್ರಾಂಶ ಮಾತ್ರ. ಅದು ಎಷ್ಟು ಸಲ ತಪ್ಪು ಸಂಖ್ಯೆ ಹೇಳಿದರೂ ಮುನಿಯುತ್ತಿರಲಿಲ್ಲ. ಹಾಗಾಗಿ ಎಲ್ಲ ಪರೀಕ್ಷೆಗಳೂ ಗೆದ್ದವು. ಬೇಸಿಗೆಯ ಆರಂಭದಲ್ಲಿ ಇಬ್ರಾದ ಹಿಂಬದಿಯ ಕೋಣೆಯಲ್ಲಿ ಎರಡು ನಿಜವಾದ ಪೆಟ್ಟಿಗೆಗಳ ಮುಂದೆ ಡ್ರೈವರನ್ನು ನೆಲೆಗೊಳಿಸಿದೆವು. ಆ ದಿನ ರಕ್ತಪರೀಕ್ಷೆಗೆಂದು ಬಂದಿದ್ದ ಜುವೈನಾ ಬಾಗಿಲಲ್ಲಿ ನಿಂತು ಇಣುಕಿದಳು.

“ನನ್ನ ವಯಸ್ಸು ನನ್ನ ಅತ್ತೆಗೂ ಗೊತ್ತಿಲ್ಲ ಉಸ್ತಾದ್. ಇದಕ್ಕೆ ಗೊತ್ತಾಯಿತು. ಬಾಯಿ ಬಿಡುವುದಿಲ್ಲ ತಾನೇ?”

ಬಿಡುವುದಿಲ್ಲ ತಾಯಿ, ಎಂದೆ.

ಮಸ್ಕತ್ತಿನ ಬೇಸಿಗೆಯನ್ನು ಅನುಭವಿಸಿದವರೇ ಬಲ್ಲರು. ಬಂಡೆಗಳು ಹಗಲೆಲ್ಲ ಉಂಡ ಕಾವನ್ನು ಸಂಜೆ ಉಗುಳುತ್ತವೆ. ಕಡಲಿನಿಂದ ಬರುವ ಗಾಳಿಯೂ ಬೇಯಿಸಿದ ಬಟ್ಟೆಯಂತೆ ಮೈಗೆ ಅಂಟುತ್ತದೆ. ಅರ್ಘ್ಯಕ್ಕೆಂದು ನಲ್ಲಿಯಿಂದ ಹಿಡಿದ ನೀರು ಅಂಗೈಯನ್ನು ಸುಡುತ್ತಿತ್ತು. ಅಂಥ ಒಂದು ಮಧ್ಯಾಹ್ನ ಇಬ್ರಾದಿಂದ ಸಾಲಿಂ ಕರೆ ಮಾಡಿದ. ಊರಿನಲ್ಲಿ ವಿದ್ಯುತ್ ಹೋಗಿ ಬಂದಿದೆ, ಯಂತ್ರಗಳು ಎದ್ದಿವೆ, ದಾಖಲೆಗಳು ಮಾತ್ರ ತೆರೆಯುತ್ತಿಲ್ಲ ಎಂದ. ಶೆಟ್ಟರು ಏನನ್ನೋ ನೋಡಲು ಹೇಳಿದರು. ಉತ್ತರ ಕೇಳಿಸಿಕೊಂಡು ಕುರ್ಚಿಯ ತೋಳನ್ನು ಹಿಡಿದರು. ಎರಡು ಪೆಟ್ಟಿಗೆಗಳ ಮೇಲೂ ಕೆಂಪು ದೀಪ.

ನಡೆದದ್ದು ಇಷ್ಟು. ಪರೀಕ್ಷಾಲಯದವರು ನಿಯಮದಂತೆ ಗುಪ್ತಸಂಖ್ಯೆಯನ್ನು ಬದಲಿಸಿದ್ದರು, ಎಲ್ಲ ಕಲ್ಪಿತ ಯಂತ್ರಗಳಿಗೂ ಹೊಸ ಸಂಖ್ಯೆಯನ್ನು ತಿಳಿಸಿದ್ದರು. ಒಂದಕ್ಕೆ ಮಾತ್ರ ತಿಳಿಸಿರಲಿಲ್ಲ. ಹಳೆಯ ವರದಿಗಳಿಗೆಂದು ಇಟ್ಟಿದ್ದ ಆ ಯಂತ್ರವನ್ನು ಬಹುದಿನಗಳ ಹಿಂದೆಯೇ ಇದ್ದಂತೆಯೇ ಮಲಗಿಸಿದ್ದರು. ಕಲ್ಪಿತ ಯಂತ್ರವನ್ನು ಹಾಗೆ ಮಲಗಿಸಬಹುದು. ಎದ್ದಾಗ ಅದಕ್ಕೆ ನಡುವೆ ಕಾಲ ಕಳೆದದ್ದೇ ತಿಳಿಯದು. ವಿದ್ಯುತ್ ಮರಳಿದಾಗ ಉಳಿದವುಗಳೊಡನೆ ಅದೂ ಎದ್ದು, ತನಗೆ ಗೊತ್ತಿದ್ದ ಹಳೆಯ ಸಂಖ್ಯೆಯನ್ನೇ ಹೇಳಿತು. ಪೆಟ್ಟಿಗೆ ನಿರಾಕರಿಸಿತು. ಡ್ರೈವರ್ ಮತ್ತೆ ಕೇಳಿತು, ಮಗದೊಮ್ಮೆ ಕೇಳಿತು. ಪೆಟ್ಟಿಗೆ ತನ್ನ ಧರ್ಮವನ್ನು ನಡೆಸಿತು. ಆಗ ಡ್ರೈವರ್ ಎರಡನೆಯ ಪೆಟ್ಟಿಗೆಯ ಬಳಿಗೆ ಹೋಗಿ ಅಲ್ಲಿಯೂ ಹಾಗೆಯೇ ಕೇಳಿತು.

ಎಲ್ಲಕ್ಕಿಂತ ಕಠೋರವಾದ ಸಂಗತಿ, ಪೆಟ್ಟಿಗೆ ತಾನೇ ಬರೆದಿಟ್ಟುಕೊಳ್ಳುವ ದಿನಚರಿಯನ್ನು ನಾನೂ ಶೆಟ್ಟರೂ ಇಬ್ಬರೇ ಕುಳಿತು ಓದಿದಾಗ ಹೊರಬಿತ್ತು. ಪೆಟ್ಟಿಗೆ ಸುಮ್ಮನೆ ‘ಇಲ್ಲ’ ಎಂದಿರಲಿಲ್ಲ. ಸಂಖ್ಯೆ ತಪ್ಪಾಗಿದೆ, ಇನ್ನೆರಡು ಅವಕಾಶಗಳಿವೆ, ಎಂದಿತ್ತು. ಆಮೇಲೆ, ಇನ್ನೊಂದೇ ಅವಕಾಶವಿದೆ, ಆಮೇಲೆ ಕೀಲಿ ಅಳಿಯುತ್ತದೆ, ಎಂದಿತ್ತು. ನಮ್ಮ ದುಭಾಷಿಗೆ ಗೊತ್ತಿದ್ದದ್ದು ಮೂರೇ ಉತ್ತರ. ಆ ಎಚ್ಚರಿಕೆಯ ಮಾತೆಲ್ಲವನ್ನೂ ಅದು ‘ಆಗಲಿಲ್ಲ’ ಎಂದೇ ತಿಳಿದುಕೊಂಡಿತು.

ಪೆಟ್ಟಿಗೆಯನ್ನು ಮಾಡಿದವರಿಗೆ ಬರೆದೆವು. ಅದು ತಾನು ಮಾಡಬೇಕಾದದ್ದನ್ನೇ ಮಾಡಿದೆ, ಮರಳಿಸುವ ದಾರಿಯಿಲ್ಲ, ದಾರಿಯಿದ್ದಿದ್ದರೆ ಅದು ಕೀಲಿಪೆಟ್ಟಿಗೆಯೇ ಆಗುತ್ತಿರಲಿಲ್ಲ ಎಂದು ಅವರು ವಿನಯದಿಂದ ಉತ್ತರಿಸಿದರು. ಗೂಢಲಿಪಿಯ ದಾಖಲೆಗಳು ಅಕ್ಷರವೊಂದೂ ಕೆಡದೆ ಹಾಗೆಯೇ ಇದ್ದವು, ಆದರೆ ಅವನ್ನು ಓದಬಲ್ಲವರು ಲೋಕದಲ್ಲಿ ಯಾರೂ ಉಳಿದಿರಲಿಲ್ಲ.

ಶೆಟ್ಟರು ಊಟ ನಿದ್ರೆಗಳನ್ನು ಮರೆತು ಹುಡುಕಿದರು. ಕೊನೆಗೆ ಅವರಿಗೊಂದು ದಾರಿ ಹೊಳೆಯಿತು. ಕಲ್ಪಿತ ಯಂತ್ರವನ್ನು ಮಲಗಿಸುವಂತೆಯೇ, ನಡೆಯುತ್ತಿರುವಾಗಲೇ ಅದರ ಪಡಿಯಚ್ಚನ್ನು ತೆಗೆದಿಡಬಹುದು. ಆ ಗಳಿಗೆಯಲ್ಲಿ ಯಾರ ದಾಖಲೆ ತೆರೆದಿತ್ತೋ ಅದು ಬಿಡಿಸಿದ ಲಿಪಿಯಲ್ಲೇ ಅಚ್ಚಿನೊಳಗೆ ಸಿಕ್ಕಿಕೊಂಡಿರುತ್ತದೆ. ಅಂಥ ಒಂದೇ ಒಂದು ಪಡಿಯಚ್ಚು ಇಬ್ರಾದಲ್ಲಿ ಸಿಕ್ಕಿತು. ಸಾಲಿಂ ನಮ್ಮ ಹೆಗಲ ಹಿಂದೆ ನಿಂತಿದ್ದ. ಒಂದೊಂದೇ ಹೆಸರು ಹೊರಬಂದಿತು. ಫಾತಿಮಾ ಎಂಬೊಬ್ಬಳು, ಹಮೂದ್ ಎಂಬೊಬ್ಬ ಮುದುಕ, ಇನ್ನೂ ಕೆಲವರು. ಅವರ ರಕ್ತದ ಪೂರ್ವವೃತ್ತಾಂತವೆಲ್ಲ ಅಚ್ಚುಕಟ್ಟಾಗಿ ದೊರೆಯಿತು. ಜುವೈನಾಳ ಹೆಸರು ಬರಲಿಲ್ಲ. ಪಡಿಯಚ್ಚನ್ನು ಯಾವ ದಿನ ತೆಗೆದದ್ದು ಎಂದು ಸಾಲಿಂ ಕೇಳಿದ. ಶೆಟ್ಟರು ನೋಡಿ ಹೇಳಿದರು.

“ಬುಧವಾರ,” ಎಂದ ಸಾಲಿಂ. “ಬುಧವಾರ ಅವಳು ಬರುವುದಿಲ್ಲ. ಸಂತೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.”

ಮತ್ತೊಮ್ಮೆ ಹುಡುಕಿ ನೋಡೋಣವೇ ಎಂದು ಅವನು ಕೇಳಲಿಲ್ಲ. ಶೆಟ್ಟರು ಮಾತ್ರ ಆ ಅಚ್ಚನ್ನು ಮತ್ತೆ ಮತ್ತೆ ಹುಡುಕಿದರು.

ಬೇಸಿಗೆಯ ಕಾವಿಗೆ ಆ ರೋಗ ಕೆರಳುತ್ತದೆ. ಕೆಲವೇ ವಾರಗಳಲ್ಲಿ ಜುವೈನಾಳಿಗೆ ನೋವು ಏರಿ, ಮೈಯಲ್ಲಿನ ರಕ್ತದ ಪ್ರಮಾಣ ಇಳಿಯತೊಡಗಿತು. ವೈದ್ಯರು ಮಸ್ಕತ್ತಿನ ಆಸ್ಪತ್ರೆಗಳನ್ನೆಲ್ಲ ವಿಚಾರಿಸಿದರು. ಎಲ್ಲಿಯೂ ಆ ಹಳೆಯ ಸಾಲು ಇರಲಿಲ್ಲ. ಆದಷ್ಟು ದಿನ ರಕ್ತ ಕೊಡದೆ ಔಷಧಿಯಲ್ಲೇ ಕಾದರು. ಹೊಸದಾಗಿ ಪರೀಕ್ಷೆ ಮಾಡಿದರು, ಯಾವ ವೈರವೂ ಕಾಣಲಿಲ್ಲ. ಕಾಣದಿರುವುದು ಇಲ್ಲವೆಂಬುದಕ್ಕೆ ಪ್ರಮಾಣವಲ್ಲ ಎಂದು ಅವರು ಸಾಲಿಂನನ್ನು ಕೂರಿಸಿಕೊಂಡು ಸ್ಪಷ್ಟವಾಗಿಯೇ ಹೇಳಿದರು. ಆದರೆ ಇನ್ನು ಕಾದರೆ ಅವಳು ಉಳಿಯುವುದಿಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು.

ರಕ್ತ ಕೊಡುವ ದಿನ ನಾನೂ ಶೆಟ್ಟರೂ ಇಬ್ರಾದ ಆಸ್ಪತ್ರೆಗೆ ಹೋಗಿದ್ದೆವು. ಶೆಟ್ಟರು ಹೊರಗೆ ಕಾರಿನಲ್ಲೇ ಉಳಿದರು. ಅವಳು ದಿಂಬಿಗೊರಗಿ, ಅರ್ಧ ಹೊಲಿದ ಟೋಪಿಯೊಂದನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ನನ್ನನ್ನು ಕಂಡು ಕಣ್ಣು ಕಿರಿದುಗೊಳಿಸಿದಳು.

“ನಿಮ್ಮ ಪೆಟ್ಟಿಗೆ ಮರೆತರೇನಂತೆ ಉಸ್ತಾದ್, ನನ್ನ ಮೈ ಮರೆತಿಲ್ಲವಲ್ಲ. ಅದನ್ನೇ ಕೇಳೋಣ.”

ಮನಸ್ಸಿನಲ್ಲೇ ಇಷ್ಟದೇವತೆಯನ್ನು ನೆನೆದು ಕೈಮುಗಿದೆ. ಅವಳು ಅದನ್ನು ತನಗೆ ಮಾಡಿದ ನಮಸ್ಕಾರವೆಂದು ತಿಳಿದಳೋ ಏನೋ, ಕೈಯನ್ನು ಎದೆಯ ಮೇಲಿಟ್ಟುಕೊಂಡು ತಲೆ ಬಾಗಿಸಿದಳು.

ಮೊದಲ ಕೆಲವು ದಿನ ಮುಖಕ್ಕೆ ಬಣ್ಣ ಬಂದಿತಂತೆ, ಗಂಜಿ ಕೇಳಿ ಕುಡಿದಳಂತೆ. ಸಾಲಿಂ ಕಚೇರಿಗೆ ಮರಳಿ ಬಂದ. ವಾರ ತುಂಬುವಷ್ಟರಲ್ಲಿ ಅವನ ಫೋನಿಗೆ ಕರೆ ಬಂದಿತು. ಮೈಗೆ ಎಲ್ಲವೂ ನೆನಪಾಗಿತ್ತು. ಬಂದ ರಕ್ತವನ್ನೂ ತನ್ನ ರಕ್ತವನ್ನೂ ಅದು ಬೇರೆ ಬೇರೆ ಎಂದು ಎಣಿಸದೆ ಒಡೆಯತೊಡಗಿತ್ತು. ಮಸ್ಕತ್ತಿಗೆ ಕರೆತರುವ ದಾರಿಯಲ್ಲೇ ಅವಳು ತೀರಿಕೊಂಡಳು.

ಸಂಸ್ಥೆಯ ಒಡೆಯರು ನಮ್ಮನ್ನು ಕರೆಸಿದರು. ವಿದ್ಯುತ್ತಿನ ಏರುಪೇರಿನಿಂದ ಪೆಟ್ಟಿಗೆಗಳು ಕೆಟ್ಟವು ಎಂದಷ್ಟೇ ಹೇಳತಕ್ಕದ್ದು, ಅದಕ್ಕೆ ಮೀರಿ ಯಾರೂ ಬಾಯಿ ಬಿಡಕೂಡದು ಎಂದರು. ದನಿ ಎತ್ತಲಿಲ್ಲ. ಶೆಟ್ಟರ ಕುಟುಂಬದ ವೀಸಾ, ಮಗಳ ಶಾಲೆ ಎಲ್ಲವೂ ತಮ್ಮ ಸಹಿಯ ಮೇಲಿದೆ ಎಂಬುದನ್ನು ಬೇರೆ ಮಾತಿನ ನಡುವೆ ನೆನಪಿಸಿದರು. ಆ ಸಂಜೆ ನಾನು ಶೆಟ್ಟರ ಮನೆಗೆ ಹೋದೆ. ಅವರು ಸೋಫಾದ ತುದಿಯಲ್ಲಿ ಕುಳಿತಿದ್ದರು. ಸಾಲಿಂಗೆ ನಿಜ ಹೇಳಿದರೆ ಪೊಲೀಸು, ಕೋರ್ಟು, ಪಾಸ್‌ಪೋರ್ಟು ಎಲ್ಲಕ್ಕೂ ಸಿದ್ಧವಾಗಬೇಕಾಗಬಹುದು ಎಂದು ನಾನು ಹೇಳಿದೆ. ಅವರಿಗಿಂತ ಹಿರಿಯನಾಗಿ ಹೇಳುವುದು ನನ್ನ ಕರ್ತವ್ಯವಾಗಿತ್ತು. ಉತ್ತರಿಸಿದವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಜಾತಾ.

“ಹೇಳಿ ಬನ್ನಿ. ಹೇಳದೆ ಇಲ್ಲೇ ಕೂತ್ರೆ ನಂಗೆ ದಿನಾ ನಿಮ್ಮ ಮುಖ ನೋಡ್ಲಿಕ್ಕೆ ಆಗುದಿಲ್ಲ.”

ಆಮೇಲೆ ನಡೆದದ್ದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಪೊಲೀಸರು ಬರಲಿಲ್ಲ, ಸಾಲಿಂನ ಮನೆಯವರು ದೂರು ಕೊಡಲಿಲ್ಲ. ನಿಜ ಹೇಳಿದ್ದಕ್ಕೆ ಶೆಟ್ಟರ ಕೆಲಸ ಹೋಯಿತು. ನೋಟಿಸಿನ ಅವಧಿಯಲ್ಲಿ, ಯಾರೂ ಕೇಳದಿದ್ದರೂ, ಅವರು ಆ ಡ್ರೈವರನ್ನು ಬಿಚ್ಚಿ ಮೂರು ಉತ್ತರಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಿದರು. ಪೆಟ್ಟಿಗೆ ಅದನ್ನು ನುಡಿದ ಮೇಲೆ, ಮನುಷ್ಯನೊಬ್ಬ ಎದುರಿಗೆ ಬಂದು ನಿಲ್ಲುವ ತನಕ ಯಾವ ಯಂತ್ರವೂ ಮತ್ತೆ ಕೇಳುವಂತಿಲ್ಲ. ಅದರ ವಿವರಣೆಯನ್ನು ನಾನೇ ಬರೆದೆ, ಆ ದೇಶದಲ್ಲಿ ನಾನು ಬರೆದ ಕೊನೆಯ ಪುಟ ಅದು. ಆ ಡ್ರೈವರ್ ಇಂದು ಬಹಳ ಕಡೆ ನಡೆಯುತ್ತಿದೆ ಎಂದು ಕೇಳಿದ್ದೇನೆ. ಶೆಟ್ಟರು ಈಗ ಮಂಗಳೂರಿನಲ್ಲಿದ್ದಾರೆ. ದೀಪಾವಳಿಗೆ ಫೋನು ಮಾಡುತ್ತಾರೆ, ಮಕ್ಕಳು ಮರಿ, ಮಳೆ ಬಿಸಿಲುಗಳನ್ನು ವಿಚಾರಿಸುತ್ತಾರೆ. ನಗು ಕಡಿಮೆಯಾಗಿದೆ.

ಆದರೆ ನನ್ನ ಪಾಲಿಗೆ ಆ ವರ್ಷ ಮುಗಿಯುವುದು ಇಬ್ರಾದಲ್ಲಿ, ಊರಿನ ಗಂಡಸರು ಸೇರುವ ಸಬ್ಲಾ ಎಂಬ ಉದ್ದನೆಯ ಕೋಣೆಯಲ್ಲಿ. ಸತ್ತವರ ಮನೆಯವರು ಅಲ್ಲಿ ಮೂರು ದಿನ ಕುಳಿತಿರುತ್ತಾರೆ, ಊರೆಲ್ಲ ಬಂದು ಹೋಗುತ್ತದೆ. ನಾವು ಹೋದದ್ದು ಎರಡನೆಯ ದಿನ. ಚಪ್ಪಲಿಗಳನ್ನು ಬಿಟ್ಟು, ಗೋಡೆಯುದ್ದಕ್ಕೂ ಕುಳಿತವರ ಕೈಗಳನ್ನು ಒಂದೊಂದಾಗಿ ಮುಟ್ಟಿ, ತುದಿಯಲ್ಲಿ ಕುಳಿತೆವು. ಅಲ್ಲಿ ಯಾರೂ ಅಳುತ್ತಿರಲಿಲ್ಲ. ಕಾಫಿಯ ಪಾತ್ರೆಯನ್ನು ಸಾಲಿಂ ತಾನೇ ಎಡಗೈಯಲ್ಲಿ ಹಿಡಿದು ಬಂದವರಿಗೆಲ್ಲ ಸುರಿಯುತ್ತಿದ್ದ. ಕಾಫಿಯ ಬಿಸಿಗೆ ಏಲಕ್ಕಿಯ ವಾಸನೆ ಏಳುತ್ತಿತ್ತು. ನಾನು ಒಂದು ಬಟ್ಟಲು ಕುಡಿದು, ಅಲುಗಿಸಿ ಹಿಂದಕ್ಕೆ ಕೊಟ್ಟೆ. ಶೆಟ್ಟರು ಕುಡಿದರು, ಬರಿದಾದ ಬಟ್ಟಲನ್ನು ಹಿಡಿದೇ ಕುಳಿತರು. ಸಾಲಿಂ ತುಂಬಿದ. ಅವರು ಅದನ್ನೂ ಕುಡಿದರು. ಅವನು ಮತ್ತೆ ತುಂಬಿದ.

“ಸಾಲಿಂ,” ಎಂದರು ಶೆಟ್ಟರು ಹಿಂದಿಯಲ್ಲಿ, ಬಟ್ಟಲನ್ನೇ ನೋಡುತ್ತ. “ಅದು ವಿದ್ಯುತ್ತಿನಿಂದ ಆದದ್ದಲ್ಲ. ಪೆಟ್ಟಿಗೆ ಹೇಳಿತ್ತು. ಇನ್ನೊಂದು ಸಲ ಕೇಳಿದರೆ ಎಲ್ಲ ಹೋಗುತ್ತದೆ ಎಂದು ಹೇಳಿತ್ತು. ಆ ಮಾತು ದಾಟಿ ಬರಲು ನಾನು ಜಾಗ ಇಟ್ಟಿರಲಿಲ್ಲ.”

ಸಾಲಿಂ ಪಾತ್ರೆಯನ್ನು ಕೆಳಗಿಡಲಿಲ್ಲ.

“ಎರಡೂ ಪೆಟ್ಟಿಗೆಗಳು ಹೇಳಿದವೇ?”

“ಎರಡೂ.”

ಶೆಟ್ಟರು ಕೈಯಲ್ಲಿದ್ದದ್ದನ್ನು ಕುಡಿದು, ಬಟ್ಟಲನ್ನು ಮತ್ತೆ ಮುಂದಕ್ಕೆ ಹಿಡಿದರು. ಹಾಗೆ ಹಿಡಿದದ್ದು ಅವರಿಗೇ ತಿಳಿದಂತಿರಲಿಲ್ಲ. ರೂಢಿಯಂತೆ ಸಾಲಿಂ ಸುರಿಯಬೇಕಾಗಿತ್ತು, ಪಾತ್ರೆಯ ಮೂತಿ ಬಾಗಿತು ಕೂಡ. ಬಾಗಿದ್ದು ಹಾಗೆಯೇ ನಿಂತಿತು. ಆಮೇಲೆ ಅವನು ಬಲಗೈಯನ್ನು ನೀಡಿ ಶೆಟ್ಟರ ಮಣಿಕಟ್ಟನ್ನು ಹಿಡಿದುಕೊಂಡ. ಬಟ್ಟಲಿನೊಡನೆ ಆ ಕೈಯನ್ನು ತಾನೇ ಎರಡು ಬಾರಿ ಮೆಲ್ಲಗೆ ಅಲುಗಿಸಿದ. ಬಟ್ಟಲನ್ನು ಅವರ ಬೆರಳುಗಳಿಂದ ಬಿಡಿಸಿಕೊಂಡ.

“ಖಲಾಸ್, ಭಾಯಿ,” ಎಂದು ಹೇಳಿ, ಪಕ್ಕದವರ ಮುಂದೆ ಬಾಗಿದ.